ಎತ್ತರದ ಹುಡುಗನೂ ಮರು ಒಪ್ಪಂದವೂ

ಆಟದ ಸುದ್ದಿಯೆಂದರೆ ಗೆದ್ದವರ ಸುದ್ದಿಯೆಂದೇ ನಮ್ಮಲ್ಲಿ ಬಹುಮಂದಿ ತಿಳಿದಿರುವೆವು. ಯಾರು ಎಷ್ಟು ರನ್ನು ಹೊಡೆದರು, ಯಾರು ಎಷ್ಟು ವಿಕೆಟ್ಟು ಉರುಳಿಸಿದರು, ಕಪ್ಪು ಯಾರ ಪಾಲಾಯಿತು, ಇಷ್ಟನ್ನು ಓದಿ ಪತ್ರಿಕೆಯನ್ನು ಮಡಿಸಿಡುತ್ತೇವೆ. ಆದರೆ ಅದೇ ಪುಟದ ಮೂಲೆಯಲ್ಲಿ ಇನ್ನೊಂದು ಬಗೆಯ ಸುದ್ದಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವುದುಂಟು. ಇಂಥ ತಂಡದವರು ಇಂಥ ಆಟಗಾರನೊಡನೆ ಒಪ್ಪಂದವನ್ನು ಇನ್ನೆರಡು ವರ್ಷ ಮುಂದುವರಿಸಿದ್ದಾರೆ ಎಂಬುದೇ ಅದು. ಆ ಆಟಗಾರ ಹೆಸರಾಂತವನಾಗಿದ್ದರೆ ಯಾರಿಗೂ ಆಶ್ಚರ್ಯವಾಗದು. ಕೆಲವು ವೇಳೆಯಾದರೋ ಆತ ಇಪ್ಪತ್ತರ ಹುಡುಗ, ಆಡಿದ ಪಂದ್ಯಗಳನ್ನು ಬೆರಳಲ್ಲಿ ಎಣಿಸಬಹುದು, ಹೇಳಿಕೊಳ್ಳುವಂಥ ಸಾಧನೆ ಒಂದೂ ಇಲ್ಲ, ಇರುವುದೆಲ್ಲ ಎತ್ತರವೊಂದೇ. ಅಂಥವನಿಗೆ ಮತ್ತೆ ಹಣ ತೆತ್ತು ಉಳಿಸಿಕೊಳ್ಳುವುದೇಕೆ? ಹಾಗೆ ಉಳಿಸಿಕೊಂಡ ಮೇಲೆ ತಂಡಕ್ಕೆ ಅವನ ಮೇಲಿರುವ ಹೊಣೆಯೇನು? ಈ ಎರಡು ಪ್ರಶ್ನೆಗಳನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಈ ವಿಷಯ ಅತ್ಯಂತ ಸ್ಪಷ್ಟವಾಗಿ ಕಾಣುವುದು ಆಸ್ಟ್ರೇಲಿಯದ ಕಾಲ್ಚೆಂಡಾಟದಲ್ಲಿ. ಅದು ನಾವು ಬಲ್ಲ ಫುಟ್‌ಬಾಲ್ ಅಲ್ಲ. ಮೆಲ್ಬರ್ನ್ ನಗರದಲ್ಲಿ ೧೮೫೯ರಲ್ಲಿ ಅದರ ನಿಯಮಗಳನ್ನು ಮೊದಲು ಬರೆದಿಟ್ಟರು. ಆಡುವುದು ಕ್ರಿಕೆಟ್ಟಿನ ಅಂಡಾಕಾರದ ಮೈದಾನದಲ್ಲಿ. ಒಂದೊಂದು ಕಡೆಗೆ ಹದಿನೆಂಟು ಮಂದಿ. ಚೆಂಡೂ ಅಂಡಾಕಾರವೇ. ಅದನ್ನು ಒದೆಯಬಹುದು, ಕೈಯಲ್ಲಿ ಹಿಡಿದು ಓಡಬಹುದು, ಮುಷ್ಟಿಯಿಂದ ಗುದ್ದಿ ಸಂಗಡಿಗನಿಗೆ ಸಾಗಿಸಬಹುದು. ಮೈದಾನದ ಒಂದೊಂದು ತುದಿಯಲ್ಲಿ ನಾಲ್ಕು ಕಂಬಗಳು. ನಡುವಣ ಎರಡರ ಮಧ್ಯೆ ಚೆಂಡನ್ನು ಒದ್ದು ದಾಟಿಸಿದರೆ ಆರು ಅಂಕ. ಪಕ್ಕದ ಕಂಬಗಳ ಮಧ್ಯೆ ಹೋದರೆ ಒಂದೇ ಅಂಕ. ದೂರದಿಂದ ಒದ್ದ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿದವನಿಗೆ ಯಾರ ಅಡ್ಡಿಯೂ ಇಲ್ಲದೆ ಒದೆಯುವ ಅವಕಾಶ ದೊರೆಯುತ್ತದೆ. ಆದುದರಿಂದ ಗುಂಪಿನ ತಲೆಗಳ ಮೇಲೆ ಕೈಚಾಚಿ ಚೆಂಡು ಹಿಡಿಯಬಲ್ಲ ಎತ್ತರದವನಿಗೆ ಅಲ್ಲಿ ಎಲ್ಲಿಲ್ಲದ ಬೆಲೆ. ಪಂಚರು ಮೇಲಕ್ಕೆಸೆದ ಚೆಂಡಿಗಾಗಿ ಎರಡು ಕಡೆಯ ಇಬ್ಬರು ನೀಳಕಾಯರು ಹಾರಿ, ಅದನ್ನು ತಮ್ಮವರ ಕಡೆಗೆ ತಟ್ಟುತ್ತಾರೆ. ಈ ಕೆಲಸದವನನ್ನು ಅವರು ‘ರಕ್’ ಆಟಗಾರನೆನ್ನುತ್ತಾರೆ.

ಅಲ್ಲಿನ ತಂಡಗಳು ಹುಡುಗರನ್ನು ಹದಿನೆಂಟರ ಸುಮಾರಿನಲ್ಲಿಯೇ ಆರಿಸಿಕೊಳ್ಳುತ್ತವೆ. ಮೊದಲ ಒಪ್ಪಂದ ಕೆಲವೇ ವರ್ಷಗಳದು. ಅವಧಿ ಮುಗಿಯುವಾಗ ತಂಡ ಒಂದು ತೀರ್ಮಾನಕ್ಕೆ ಬರಲೇಬೇಕು. ಒಂದು ತಂಡದ ಪಟ್ಟಿಯಲ್ಲಿ ಇಷ್ಟೇ ಹೆಸರಿರಬೇಕು, ಎಲ್ಲರ ಸಂಬಳವೂ ಸೇರಿ ಇಷ್ಟೇ ಮೊತ್ತ ಮೀರಕೂಡದು ಎಂಬ ಕಟ್ಟುಪಾಡುಗಳಿವೆ. ಒಬ್ಬನನ್ನು ಉಳಿಸಿಕೊಂಡರೆ ಇನ್ನೊಬ್ಬನಿಗೆ ಜಾಗವಿಲ್ಲ. ಕುಳ್ಳಗೆ ಚುರುಕಾಗಿರುವ ಹುಡುಗನ ಯೋಗ್ಯತೆ ಆ ವೇಳೆಗೆ ಬಹುಮಟ್ಟಿಗೆ ಗೊತ್ತಾಗಿರುತ್ತದೆ. ಎತ್ತರದ ಹುಡುಗನದು ಮಾತ್ರ ಗೊತ್ತಾಗಿರುವುದಿಲ್ಲ. ಪರೀಕ್ಷೆ ಮುಗಿಯುವ ಮೊದಲೇ ಫಲಿತಾಂಶ ಬರೆಯಬೇಕಾದ ಪರೀಕ್ಷಕನ ಸಂಕಟ ಅವರದು.

ಮ್ಯಾಕ್ಸ್ ಗಾನ್ ಎಂಬಾತನ ಉದಾಹರಣೆಯನ್ನು ನೋಡೋಣ. ಎತ್ತರ ೨೦೮ ಸೆಂಟಿಮೀಟರು, ಎಂದರೆ ಹತ್ತಿರ ಹತ್ತಿರ ಆರು ಅಡಿ ಹತ್ತು ಅಂಗುಲ. ಮೆಲ್ಬರ್ನ್ ತಂಡ ಅವನನ್ನು ೨೦೦೯ರಲ್ಲಿ ಆರಿಸಿಕೊಂಡಿತು. ಆ ಸಲದ ಆಯ್ಕೆಯಲ್ಲಿ ಅವನ ಸರದಿ ಮೂವತ್ತನಾಲ್ಕನೆಯದು. ಮೊದಲ ಪಂದ್ಯ ಆಡಿದ್ದು ೨೦೧೧ರಲ್ಲಿ. ಮೊಣಕಾಲಿನ ದೊಡ್ಡ ಗಾಯಗಳು ಅವನನ್ನು ಕಾಡಿದುವು. ದೇಶದ ಅತ್ಯುತ್ತಮ ಆಟಗಾರರ ಪಟ್ಟಿಯಲ್ಲಿ ಅವನ ಹೆಸರು ಮೊದಲು ಸೇರಿದ್ದು ೨೦೧೬ರಲ್ಲಿ. ಆರಿಸಿದುದಕ್ಕೂ ಅರಳಿದುದಕ್ಕೂ ನಡುವೆ ಏಳು ವರ್ಷ! ೨೦೨೧ರಲ್ಲಿ ಅವನ ನಾಯಕತ್ವದಲ್ಲಿಯೇ ಮೆಲ್ಬರ್ನ್ ತಂಡ ೧೯೬೪ರಿಂದ ಕೈಗೆ ಸಿಗದಿದ್ದ ಪ್ರಶಸ್ತಿಯನ್ನು ಮತ್ತೆ ಗೆದ್ದಿತು. ನಡುವೆ ಯಾವುದಾದರೂ ಒಂದು ವರ್ಷ ತಂಡದವರು ಬೇಸತ್ತು ಅವನನ್ನು ಕೈಬಿಟ್ಟಿದ್ದರೆ ಯಾರೂ ಅವರನ್ನು ಆಕ್ಷೇಪಿಸುತ್ತಿರಲಿಲ್ಲ.

ಎತ್ತರದವನು ತಡವಾಗಿ ಪಕ್ವವಾಗುವುದಕ್ಕೆ ಕಾರಣಗಳಿವೆ. ಗಂಡುಹುಡುಗರು ಅತಿ ಬೇಗ ಬೆಳೆಯುವುದು ಹದಿಮೂರು ಹದಿನಾಲ್ಕರ ಸುಮಾರಿನಲ್ಲಿ. ಆಗ ಮೊದಲು ಮೂಳೆ ನೀಳವಾಗುತ್ತದೆ. ಅದನ್ನು ಎಳೆದಾಡಿಸಬೇಕಾದ ಸ್ನಾಯು ಆಮೇಲೆ ಬಲಿಯುತ್ತದೆ. ನಿನ್ನೆಯವರೆಗೆ ಹತೋಟಿಯಲ್ಲಿದ್ದ ಕೈಕಾಲುಗಳು ಇಂದು ಪರರ ಸೊತ್ತಿನಂತೆ ವರ್ತಿಸುತ್ತವೆ. ಎರಡನೆಯ ಕಾರಣ ಭೌತಶಾಸ್ತ್ರದ್ದು. ತೆಂಗಿನಕಾಯಿ ಕೀಳುವ ದೋಟಿಯನ್ನು ತುದಿಯಲ್ಲಿ ಹಿಡಿದು ಬೀಸಿ ನೋಡಿದವರಿಗೆ ಇದು ತಿಳಿದೇ ಇರುತ್ತದೆ. ತೂಕ ಅಷ್ಟೇ ಇದ್ದು ಉದ್ದ ಇಮ್ಮಡಿಯಾದರೆ, ಬೀಸುವಾಗ ಎದುರಾಗುವ ಜಡತ್ವ ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುತ್ತದೆ. ನೀಳ ತೋಳುಗಳ ಹುಡುಗನಿಗೆ ಅದೇ ಚಲನೆಗೆ ಹೆಚ್ಚು ಬಲ ಬೇಕು, ಹೆಚ್ಚು ಅಭ್ಯಾಸ ಬೇಕು.

ಮೂರನೆಯ ಕಾರಣ ಬೆನ್ನಿನದು. ಬೆನ್ನೆಲುಬಿನ ಕೆಳಭಾಗದ ಮೂಳೆಗಳು ಇಪ್ಪತ್ತು ದಾಟಿದ ಮೇಲೂ ಕೆಲವು ವರ್ಷ ಗಟ್ಟಿಯಾಗುತ್ತಲೇ ಇರುತ್ತವೆ. ವೇಗದ ಬೌಲರ್ ಚೆಂಡೆಸೆಯುವಾಗ ಅದೇ ಭಾಗ ಬಾಗಿ ತಿರುಚಿಕೊಳ್ಳುತ್ತದೆ. ಬಲಿಯದ ಮೂಳೆಯ ಮೇಲೆ ಪದೇ ಪದೇ ಭಾರ ಬಿದ್ದರೆ ಕೂದಲೆಳೆಯಷ್ಟು ಸಣ್ಣ ಬಿರುಕು ಮೂಡುತ್ತದೆ. ಎಳೆಯ ವೇಗದ ಬೌಲರುಗಳು ಹಾಸಿಗೆ ಹಿಡಿಯುವುದು ಬಹುಮಟ್ಟಿಗೆ ಇದರಿಂದಲೇ. ಆದರೂ ಎತ್ತರದ ಲಾಭ ಕಡಿಮೆಯದಲ್ಲ. ಆರು ಅಡಿಗೆ ಮೇಲ್ಪಟ್ಟ ಬೌಲರ್ ಚೆಂಡನ್ನು ಏಳು ಅಡಿಯ ಸುಮಾರಿನಿಂದ ಬಿಡುತ್ತಾನೆ. ಅಲ್ಲಿಂದ ನೆಲಕ್ಕೆ ಬಡಿದ ಚೆಂಡು ಕಡಿದಾಗಿ ಪುಟಿದು ದಾಂಡಿಗನ ಎದೆಗೆ ಬರುತ್ತದೆ. ಈ ಗುಣವನ್ನು ಯಾವ ಗುರುವೂ ಕಲಿಸಲಾರ. ಮಿಕ್ಕುದನ್ನೆಲ್ಲ ಕಲಿಸಬಹುದು, ಎತ್ತರವನ್ನು ಕಲಿಸಲು ಬರುವುದಿಲ್ಲ. ಕಾಯುವುದಕ್ಕೆ ತಂಡಗಳು ಒಪ್ಪುವುದು ಈ ಒಂದು ಮಾತಿಗಾಗಿ.

ನಮ್ಮ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅರಸೀಕೆರೆ, ತಿಪಟೂರುಗಳ ಕಡೆಯವರು ತೆಂಗನ್ನು ನಂಬಿ ಬದುಕುವವರು. ಗಿಡ್ಡ ತಳಿಯ ತೆಂಗು ನೆಟ್ಟ ಮೂರು ನಾಲ್ಕು ವರ್ಷಕ್ಕೇ ಹೊಂಬಾಳೆ ಬಿಡುತ್ತದೆ. ನಮ್ಮ ಎತ್ತರದ ತಳಿಗೆ ಆರರಿಂದ ಎಂಟು ವರ್ಷ ಬೇಕು. ಆದರೆ ಅದು ಅರವತ್ತು ವರ್ಷಕ್ಕೂ ಮೇಲ್ಪಟ್ಟು ಕಾಯಿ ಕೊಡುತ್ತದೆ, ಒಳ್ಳೆಯ ಕೊಬ್ಬರಿಯನ್ನೂ ಕೊಡುತ್ತದೆ. ಐದನೆಯ ವರ್ಷ ಕಾಯಿಲ್ಲವೆಂದು ಯಾರೂ ಆ ಸಸಿಗೆ ಕೊಡಲಿ ಹಾಕುವುದಿಲ್ಲ. ಹಾಗೆಂದು ನೆಟ್ಟು ಮರೆತವನಿಗೂ ಫಲ ಸಿಕ್ಕುವುದಿಲ್ಲ. ಪಾತಿ ಮಾಡಬೇಕು, ನೀರು ಗೊಬ್ಬರ ಕೊಡಬೇಕು. ಉಳಿಸಿಕೊಳ್ಳುವುದು ಒಂದು ಮಾತು, ಬೆಳೆಸುವುದು ಇನ್ನೊಂದು ಮಾತು. ಇವೆರಡರ ನಡುವಣ ಅಂತರವೇ ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ. ಅದಕ್ಕೆ ನಮ್ಮ ಹತ್ತಿರದ ಊರಿನ ಹೆಸರೇ ನಿದರ್ಶನವಾಗಿ ಒದಗುತ್ತದೆ.

ನಮ್ಮ ಮಾದಿಹಳ್ಳಿ ಬೇಲೂರು ತಾಲ್ಲೂಕಿಗೆ ಸೇರಿದುದು. ಹಳೇಬೀಡಿನಿಂದ ಬಾಣಾವರದ ಕಡೆಗೆ ಹೋಗುವ ರಸ್ತೆಯಲ್ಲಿ, ಅರಸೀಕೆರೆ ತಾಲ್ಲೂಕಿನ ಜಾವಗಲ್ಲು ಸಿಕ್ಕುತ್ತದೆ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯದಿಂದ ಪ್ರಸಿದ್ಧವಾದ ಆ ಊರು ಇನ್ನೊಂದು ಕಾರಣದಿಂದ ಲೋಕಕ್ಕೆಲ್ಲ ಪರಿಚಿತವಾಯಿತು. ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತ ಜಾವಗಲ್ ಶ್ರೀನಾಥರು ಹುಟ್ಟಿದ್ದು ಮೈಸೂರಿನಲ್ಲಿ, ೧೯೬೯ರ ಆಗಸ್ಟ್ ೩೧ರಂದು. ಎತ್ತರ ಆರು ಅಡಿ ಮೂರು ಅಂಗುಲ. ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ೧೯೮೯-೯೦ರಲ್ಲಿ ಹೈದರಾಬಾದಿನ ಮೇಲೆ ಕರ್ನಾಟಕದ ಪರವಾಗಿ ಆಡಿದ ಮೊದಲ ಪಂದ್ಯದಲ್ಲಿಯೇ ಮೂರು ಸತತ ಎಸೆತಗಳಲ್ಲಿ ಮೂವರನ್ನು ಹೊರಗಟ್ಟಿದರು. ೧೯೯೧ರ ನವೆಂಬರಿನಲ್ಲಿ ಬ್ರಿಸ್ಬೇನಿನ ಗಾಬಾ ಮೈದಾನದಲ್ಲಿ ಆಸ್ಟ್ರೇಲಿಯದ ವಿರುದ್ಧ ಅವರ ಮೊದಲ ಟೆಸ್ಟ್. ಮೇಲೆ ಹೇಳಿದ ಕಾಲ್ಚೆಂಡಾಟವೂ ಆ ಮೈದಾನದಲ್ಲಿ ನಡೆಯುತ್ತದೆ.

ಇದಾದ ಮೇಲೆ ಏನಾಯಿತೆಂಬುದನ್ನು ಗಮನಿಸಬೇಕು. ಆಗ ನಮ್ಮಲ್ಲಿ ಈಗಿನಂತೆ ತಂಡಗಳೊಡನೆ ಬೆಲೆ ಕಟ್ಟಿದ ಒಪ್ಪಂದಗಳಿರಲಿಲ್ಲ. ಪ್ರತಿಯೊಂದು ಸರಣಿಗೂ ಆಯ್ಕೆಯಾಗಬೇಕು. ಆದರೂ ಪ್ರತಿ ಸಲ ಪಟ್ಟಿಯಲ್ಲಿ ಹೆಸರು ಬರುವುದೇ ಒಂದು ಬಗೆಯ ಮರು ಒಪ್ಪಂದ. ೧೯೯೩ರ ಆರಂಭದಿಂದ ೧೯೯೪ರ ಫೆಬ್ರವರಿಯವರೆಗೆ ಭಾರತ ತನ್ನ ನೆಲದಲ್ಲಿ ಇಂಗ್ಲೆಂಡಿನ ಮೇಲೆ ಮೂರು, ಜಿಂಬಾಬ್ವೆಯ ಮೇಲೆ ಒಂದು, ಶ್ರೀಲಂಕಾದ ಮೇಲೆ ಮೂರು, ಹೀಗೆ ಏಳು ಟೆಸ್ಟುಗಳನ್ನಾಡಿತು. ಏಳನ್ನೂ ಗೆದ್ದಿತು. ಆ ಏಳರಲ್ಲಿ ಒಂದರಲ್ಲಿಯೂ ಶ್ರೀನಾಥರು ಆಡಲಿಲ್ಲ. ಕುಂಬ್ಳೆ, ರಾಜು, ಚೌಹಾಣ್ ಎಂಬ ಮೂವರು ಸ್ಪಿನ್ನರುಗಳು. ವೇಗಕ್ಕೆ ಕಪಿಲ್ ದೇವ್ ಮತ್ತು ಪ್ರಭಾಕರ್. ಕಪಿಲರು ಆಗ ಹ್ಯಾಡ್ಲಿಯವರ ೪೩೧ ವಿಕೆಟ್ಟುಗಳ ದಾಖಲೆಯನ್ನು ಸಮೀಪಿಸುತ್ತಿದ್ದರು. ೧೯೯೪ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ಅದನ್ನು ದಾಟಿದರು. ಅವರು ನಿವೃತ್ತರಾದ ಮೇಲೆ, ೧೯೯೪ರ ನವೆಂಬರಿನಲ್ಲಿ, ಮುಂಬಯಿಯಲ್ಲಿ ವೆಸ್ಟ್ ಇಂಡೀಸಿನ ವಿರುದ್ಧ ಶ್ರೀನಾಥರು ಸ್ವದೇಶದ ತಮ್ಮ ಮೊದಲ ಟೆಸ್ಟನ್ನಾಡಿದರು. ಮೊದಲ ಟೆಸ್ಟಿಗೂ ಇದಕ್ಕೂ ನಡುವೆ ಮೂರು ವರ್ಷ ಕಳೆದಿತ್ತು. ಅವರ ವಯಸ್ಸು ಇಪ್ಪತ್ತೈದು.

ಏಳಕ್ಕೆ ಏಳು ಗೆದ್ದ ತಂಡವನ್ನು ತಪ್ಪು ಹೇಳುವುದು ಹೇಗೆ ಎಂದು ಕೆಲವರು ಕೇಳಬಹುದು. ಆ ಪಂದ್ಯಗಳ ಮಟ್ಟಿಗೆ ತಪ್ಪಿಲ್ಲ. ಆದರೆ ವೇಗದ ಬೌಲರಿಗೆ ಇಪ್ಪತ್ತೆರಡರಿಂದ ಇಪ್ಪತ್ತೈದರವರೆಗಿನ ಕಾಲ ಮತ್ತೆ ಬರುವಂಥದಲ್ಲ. ಅವಕಾಶ ಸಿಕ್ಕಾಗ ಆ ಸಸಿ ಹೇಗೆ ಫಲ ಕೊಟ್ಟಿತೆಂಬುದಕ್ಕೆ ಲೆಕ್ಕವೇ ಇದೆ. ೧೯೯೫ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಕೌಂಟಿಯ ಪರವಾಗಿ ಒಂದೇ ಋತುವಿನಲ್ಲಿ ೮೭ ವಿಕೆಟ್ಟು ತೆಗೆದರು. ೧೯೯೬ರಲ್ಲಿ ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕದ ಮೇಲೆ ೨೧ ರನ್ನಿಗೆ ಆರು ವಿಕೆಟ್ಟು. ೧೯೯೭ರಲ್ಲಿ ಭುಜದ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು. ಶಸ್ತ್ರಚಿಕಿತ್ಸೆಯಾಗಿ ಆ ವರ್ಷದ ಕೊನೆಗೆ ಮರಳಿದರು. ೧೯೯೯ರಲ್ಲಿ ಕಲ್ಕತ್ತೆಯಲ್ಲಿ ಪಾಕಿಸ್ತಾನದ ಮೇಲೆ ಒಂದು ಇನ್ನಿಂಗ್ಸಿನಲ್ಲಿ ಎಂಟು, ಪಂದ್ಯದಲ್ಲಿ ಹದಿಮೂರು ವಿಕೆಟ್ಟು. ಅರವತ್ತೇಳು ಟೆಸ್ಟುಗಳಲ್ಲಿ ೨೩೬, ಒಂದು ದಿನದ ೨೨೯ ಪಂದ್ಯಗಳಲ್ಲಿ ೩೧೫ ವಿಕೆಟ್ಟು ಗಳಿಸಿ ೨೦೦೩ರಲ್ಲಿ ನಿವೃತ್ತರಾದರು. ಉಳಿಸಿಕೊಂಡುದು ಸರಿಯೆಂಬುದಕ್ಕೆ ಈ ಅಂಕಿಗಳು ಸಾಕ್ಷಿ. ಉಳಿಸಿಕೊಂಡೂ ಮನೆಯಂಗಳದಲ್ಲಿ ಆಡಿಸದೆ ಕುಳ್ಳಿರಿಸಿದ ವರ್ಷಗಳಲ್ಲಿ ಎಷ್ಟು ಹೋಯಿತೆಂಬುದಕ್ಕೆ ಯಾವ ಅಂಕಿಯೂ ಇಲ್ಲ.

ಇದಕ್ಕೆ ಇನ್ನೊಂದು ಮುಖವಿದೆ. ಅರಸೀಕೆರೆಯಲ್ಲಿಯೇ ೧೯೭೧ರಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್ ಅವರು ಹೆಸರಾದುದು ಎತ್ತರಕ್ಕಲ್ಲ, ವೇಗಕ್ಕೆ. ೧೯೯೫-೯೬ರ ರಣಜಿ ಋತುವಿನಲ್ಲಿ ಕೇರಳದ ಮೇಲೆ ೧೫೨ ರನ್ನಿಗೆ ಹತ್ತು ವಿಕೆಟ್ಟು ಪಡೆದು ಕಣ್ಣಿಗೆ ಬಿದ್ದರು. ಶ್ರೀನಾಥರು ಆಡದಿದ್ದ ೧೯೯೬ರ ಅಕ್ಟೋಬರಿನ ದೆಹಲಿ ಟೆಸ್ಟಿನಲ್ಲಿ ಆಸ್ಟ್ರೇಲಿಯದ ವಿರುದ್ಧ ಅವರಿಗೆ ಸ್ಥಾನ ದೊರೆಯಿತು. ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ಶ್ರೀನಾಥ, ವೆಂಕಟೇಶ ಪ್ರಸಾದ್, ಜಾನ್ಸನ್, ಈ ಮೂವರು ಕನ್ನಡಿಗರೂ ಒಟ್ಟಿಗೆ ಭಾರತದ ವೇಗದ ದಾಳಿಯನ್ನು ಹೊತ್ತರು. ಅಲ್ಲಿಗೆ ಜಾನ್ಸನ್ನರ ಟೆಸ್ಟ್ ಜೀವನ ಮುಗಿಯಿತು. ಎರಡು ಪಂದ್ಯ, ಮೂರು ವಿಕೆಟ್ಟು. ವಯಸ್ಸು ಇನ್ನೂ ಇಪ್ಪತ್ತೈದು. ಅವರು ೨೦೨೪ರ ಜೂನಿನಲ್ಲಿ ತೀರಿಕೊಂಡರು. ಇನ್ನಷ್ಟು ಅವಕಾಶ ದೊರೆತಿದ್ದರೆ ಅವರು ದೊಡ್ಡ ಬೌಲರ್ ಆಗಿಯೇ ತೀರುತ್ತಿದ್ದರೆಂದು ನಾನು ವಾದಿಸಲಾರೆ. ಎರಡು ಪಂದ್ಯಗಳಲ್ಲಿ ಯಾರ ಅಳತೆಯನ್ನೂ ತೆಗೆಯಲಾಗದು ಎಂಬುದಷ್ಟೇ ನನ್ನ ಮಾತು. ಒಬ್ಬರನ್ನು ಉಳಿಸಿಕೊಂಡು ಕಾಯಿಸಿದರು. ಇನ್ನೊಬ್ಬರನ್ನು ಕಾಯದೆಯೇ ಬಿಟ್ಟರು.

ಈಗಿನ ಕಾಲದಲ್ಲಿ ನಮ್ಮಲ್ಲಿಯೂ ಒಪ್ಪಂದ, ಹರಾಜುಗಳು ಬಂದಿವೆ. ಐ.ಪಿ.ಎಲ್. ತಂಡಗಳು ಹರಾಜಿಗೆ ಮೊದಲು ತಾವು ಉಳಿಸಿಕೊಳ್ಳುವವರ ಪಟ್ಟಿಯನ್ನು ಪ್ರಕಟಿಸುತ್ತವೆ. ಬೆಂಗಳೂರಿನ ಪ್ರಸಿದ್ಧ ಕೃಷ್ಣ ಅವರು ಆರು ಅಡಿ ಮೀರಿದ ವೇಗದ ಬೌಲರ್. ೨೦೨೨ರ ಹರಾಜಿನಲ್ಲಿ ರಾಜಸ್ಥಾನ ತಂಡ ಅವರಿಗೆ ಹತ್ತು ಕೋಟಿ ರೂಪಾಯಿ ಕೊಟ್ಟಿತು. ಆ ವರ್ಷ ೧೯ ವಿಕೆಟ್ಟು ತೆಗೆದರು. ಬೆನ್ನೆಲುಬಿನ ಬಿರುಕಿನಿಂದ ೨೦೨೩ರ ಋತು ಪೂರ್ತಿಯಾಗಿ ತಪ್ಪಿತು. ತಂಡ ಅವರನ್ನು ಬಿಡಲಿಲ್ಲ. ತೊಡೆಯ ಸ್ನಾಯುವಿನ ಶಸ್ತ್ರಚಿಕಿತ್ಸೆಯಿಂದ ೨೦೨೪ರ ಋತುವೂ ತಪ್ಪಿತು. ಆ ವರ್ಷದ ಕೊನೆಯಲ್ಲಿ ದೊಡ್ಡ ಹರಾಜು ಬಂದಿತು. ಒಂದು ತಂಡ ಆರು ಮಂದಿಗಿಂತ ಹೆಚ್ಚು ಜನರನ್ನು ಉಳಿಸಿಕೊಳ್ಳುವಂತಿರಲಿಲ್ಲ. ಆರರಲ್ಲಿ ಅವರ ಹೆಸರಿರಲಿಲ್ಲ. ಗುಜರಾತ್ ತಂಡ ಒಂಬತ್ತೂವರೆ ಕೋಟಿಗೆ ಕೊಂಡಿತು. ೨೦೨೫ರಲ್ಲಿ ಅವರು ೨೫ ವಿಕೆಟ್ಟು ತೆಗೆದು ಆ ಋತುವಿನ ಬೌಲರುಗಳಲ್ಲೆಲ್ಲ ಮೊದಲಿಗರಾದರು. ಅದೇ ವರ್ಷ ಲಂಡನ್ನಿನ ಓವಲ್ ಮೈದಾನದಲ್ಲಿ ಭಾರತ ಇಂಗ್ಲೆಂಡನ್ನು ಆರೇ ರನ್ನುಗಳಿಂದ ಸೋಲಿಸಿದ ಟೆಸ್ಟಿನಲ್ಲಿ ಎರಡು ಇನ್ನಿಂಗ್ಸುಗಳಲ್ಲಿಯೂ ನಾಲ್ಕು ನಾಲ್ಕು ವಿಕೆಟ್ಟು ಪಡೆದರು.

ನೀರೆರೆದವರು ಒಬ್ಬರು, ಕಾಯಿ ಕೆಡವಿದವರು ಇನ್ನೊಬ್ಬರು! ಮರು ಒಪ್ಪಂದದಲ್ಲಿರುವ ನಿಜವಾದ ಅಪಾಯ ಇದೇ. ಬೇಗ ಬಿಟ್ಟರೆ ಇತರರು ಫಲ ಉಣ್ಣುತ್ತಾರೆ. ಬಿಡದೆ ಇಟ್ಟುಕೊಂಡರೆ ಫಲ ಬಾರದೆಯೂ ಹೋಗಬಹುದು. ಅಷ್ಟರಲ್ಲಿ ಇನ್ನೊಬ್ಬ ಅರ್ಹನ ಜಾಗ ಕಟ್ಟಿಹೋಗಿರುತ್ತದೆ. ಎಲ್ಲ ಎತ್ತರದ ಹುಡುಗರೂ ಶ್ರೀನಾಥರಾಗುವುದಿಲ್ಲ. ಎತ್ತರ ಬೀಜದ ಗುಣವೇ ಹೊರತು ಬೆಳೆಯಲ್ಲ. ಆದುದರಿಂದ ಕುರುಡು ಔದಾರ್ಯವೂ ಸಲ್ಲದು, ಒಂದೇ ಋತುವಿನ ಲೆಕ್ಕವೂ ಸಲ್ಲದು.

ಹಾಗಾದರೆ ತೀರ್ಮಾನಿಸುವುದು ಹೇಗೆ? ನನಗೆ ತೋರುವ ಮಟ್ಟಿಗೆ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಮೊದಲನೆಯದು: ಹುಡುಗ ಕಳೆದ ವರ್ಷಕ್ಕಿಂತ ಈ ವರ್ಷ ಮುಂದುವರಿದಿದ್ದಾನೆಯೇ? ಅವನನ್ನು ಅವನ ವಯಸ್ಸಿನ ಕುಳ್ಳರೊಡನೆ ಹೋಲಿಸಕೂಡದು. ಹಿಂದಿನ ವರ್ಷದ ಅವನೊಡನೆಯೇ ಹೋಲಿಸಬೇಕು. ಎರಡನೆಯದು: ಅವನ ಸ್ಥಾನದಲ್ಲಿರುವ ಹಿರಿಯ ಇನ್ನೆಷ್ಟು ಕಾಲ ಆಡುತ್ತಾನೆ? ಕಪಿಲರಂಥವರು ಇಳಿಯುವ ದಿನ ಬರುವುದು ಖಂಡಿತ. ಆ ದಿನಕ್ಕೆ ಮೊದಲೇ ಕಿರಿಯನಿಗೆ ಭಾರ ಹೊರುವ ಅಭ್ಯಾಸವಾಗಿರಬೇಕು. ಮೂರನೆಯದು: ಮೈ ಬಲಿಯುವವರೆಗೆ ಅವನ ಕೆಲಸಕ್ಕೆ ಒಂದು ಮಿತಿ ಇದೆಯೇ? ನಾಲ್ಕನೆಯದೇ ಮುಖ್ಯ: ಒಪ್ಪಂದದ ಅವಧಿಯಲ್ಲಿ ಅವನು ಎಲ್ಲಿ, ಎಷ್ಟು ಪಂದ್ಯಗಳನ್ನು ಆಡುತ್ತಾನೆ? ಮೇಲಿನ ತಂಡದಲ್ಲಿ ಜಾಗವಿಲ್ಲದಿದ್ದರೆ ಕೆಳಗಿನ ತಂಡದಲ್ಲಾದರೂ ವಾರವಾರವೂ ಆಡಲಿ. ಇದಕ್ಕೆ ಉತ್ತರವಿಲ್ಲದ ಒಪ್ಪಂದ ಆಟಗಾರನನ್ನು ಬೆಳೆಸುವುದಿಲ್ಲ, ಕಟ್ಟಿಹಾಕುತ್ತದೆ. ಇತರರಿಗೆ ಸಿಕ್ಕಬಾರದೆಂದು ಮಾತ್ರ ಒಬ್ಬನನ್ನು ಉಳಿಸಿಕೊಳ್ಳುವುದು ಅನ್ಯಾಯವೆಂದೇ ನಾನು ಹೇಳುತ್ತೇನೆ. ಸಂಬಳ ಕೊಟ್ಟುಬಿಟ್ಟರೆ ಆ ಅನ್ಯಾಯ ಸರಿಹೋಗುವುದಿಲ್ಲ. ಆ ವರ್ಷಗಳನ್ನು ಯಾರೂ ಹಿಂದಕ್ಕೆ ಕೊಡಲಾರರು.

ಕೋಟಿ ರೂಪಾಯಿಗಳ ಈ ಮಾತು ಸರ್ಕಾರಿ ಕಲಾ ಕಾಲೇಜಿನ ನಮಗೇಕೆ ಎಂದು ವಾಚಕರು ನಗಬಹುದು. ನಮ್ಮಲ್ಲಿ ಹರಾಜಿಲ್ಲ, ಸಂಬಳವಿಲ್ಲ. ಅಂತರ ಕಾಲೇಜು ಪಂದ್ಯಗಳ ದಿನಭತ್ಯವೇ ನಮ್ಮ ಐಶ್ವರ್ಯ. ಆದರೆ ಮರು ಒಪ್ಪಂದ ನಮ್ಮಲ್ಲಿಯೂ ಉಂಟು. ಹಳ್ಳಿಗಳಿಂದ ಬರುವ ಹುಡುಗರಲ್ಲಿ, ಹುಡುಗಿಯರಲ್ಲಿ ವರ್ಷಕ್ಕೆ ಒಬ್ಬಿಬ್ಬರಾದರೂ ತಲೆಬಾಗಿಲಿಗೆ ತಾಗುವಷ್ಟು ಎತ್ತರದವರಿರುತ್ತಾರೆ. ಮೊದಲ ವರ್ಷ ವಾಲಿಬಾಲ್ ಆಯ್ಕೆಗೆ ಬರುತ್ತಾರೆ. ನೆಗೆತದ ಹೊತ್ತು ತಪ್ಪುತ್ತದೆ, ಚೆಂಡು ಬಲೆಗೆ ಬಡಿಯುತ್ತದೆ, ಸುತ್ತ ನಿಂತವರು ‘ಒಂಟೆ’ ಎನ್ನುತ್ತಾರೆ. ಮರುವರ್ಷ ಅವರು ಮೈದಾನದ ಕಡೆಗೆ ಸುಳಿಯುವುದಿಲ್ಲ. ಪದವಿಗೆ ನಾವಿಲ್ಲಿ ಇರುವುದೇ ಮೂರು ವರ್ಷ. ತೆಂಗಿನ ಲೆಕ್ಕದಲ್ಲಿ ಅದು ಬಹಳ ಕಡಿಮೆ. ಆದರೂ ಮೊದಲ ವರ್ಷವೇ ಬಿಟ್ಟುಬಿಡುವುದಕ್ಕೂ ಮೂರು ವರ್ಷ ಜೊತೆಗಿಟ್ಟುಕೊಳ್ಳುವುದಕ್ಕೂ ಅಜಗಜಾಂತರವಿದೆ.

ಇದಕ್ಕೆ ಹಣ ಬೇಕಾಗಿಲ್ಲ. ತಂಡಕ್ಕೆ ಆರಿಸುವವರ ಜೊತೆಗೆ ಪ್ರತಿ ವರ್ಷವೂ ಇಬ್ಬರನ್ನು, ಇವರು ಇನ್ನೂ ಬೆಳೆಯತಕ್ಕವರು ಎಂದು ಬೇರೆಯಾಗಿ ಗುರುತಿಸಿ, ಅಭ್ಯಾಸಕ್ಕೆ ಕರೆಯಬೇಕು. ಅವರ ಹೆಸರು, ಎತ್ತರ, ನೆಗೆತ, ಆಡಿದ ಪಂದ್ಯಗಳು ಇಷ್ಟನ್ನು ದೈಹಿಕ ಶಿಕ್ಷಣ ವಿಭಾಗದ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮರುವರ್ಷ ಆ ಪುಸ್ತಕ ತೆರೆದು, ಅವರು ಬಾರದಿದ್ದರೆ ತರಗತಿಗೆ ಹೋಗಿ ಕರೆತರಬೇಕು. ಸಣ್ಣ ಪಂದ್ಯಗಳಲ್ಲಿ, ಸೋತರೂ ಚಿಂತೆಯಿಲ್ಲವೆಂದು, ಅವರನ್ನು ಕಣಕ್ಕಿಳಿಸಬೇಕು. ನಮ್ಮ ಅಧ್ಯಾಪಕರೂ ಕ್ರೀಡಾ ಕಾರ್ಯದರ್ಶಿಗಳೂ ಈ ಸೂಚನೆಯನ್ನು ಮುಂದಿನ ವರ್ಷದ ಆಯ್ಕೆಗೆ ಮೊದಲೇ ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ. ಎತ್ತರದ ಹುಡುಗ ಮೈದಾನಕ್ಕೆ ಎರಡನೆಯ ಸಲ ಬರುವಂತೆ ಮಾಡುವುದು ನಮ್ಮ ಕೈಯಲ್ಲಿರುವ ಕೆಲಸ. ಮಿಕ್ಕುದನ್ನು ಅವನ ಅಭ್ಯಾಸವೂ ಕಾಲವೂ ನೋಡಿಕೊಳ್ಳುತ್ತವೆ.